ಬ್ರೇಕ್ ಆಯಿಲ್ ಇಳಿಯುತ್ತಿದೆ, ಸೋರಿಕೆ ಕಾಣುತ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಬ್ರೇಕಿನ ಪ್ರಶ್ನೆಗಳೇ ಜಾಸ್ತಿ. ಮೈಲೇಜು, ಎಸಿ, ಬ್ಯಾಟರಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ. ಬ್ರೇಕಿನವರನ್ನು ಕಾಯಿಸುವುದು ಸರಿಯಲ್ಲ.

ಪ್ರಶ್ನೆ: ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಎರಡು ತಿಂಗಳಿಂದ ಬ್ರೇಕ್ ಪೆಡಲ್ ಮೆತ್ತಗಾಗಿದೆ. ಸಿಗ್ನಲ್‌ನಲ್ಲಿ ಕಾಲಿಟ್ಟು ನಿಂತರೆ ಮೆಲ್ಲಗೆ ಕೆಳಗೆ ಹೋಗುತ್ತದೆ. ಬಿಟ್ಟು ಎರಡು ಸಲ ಒತ್ತಿದರೆ ಮೇಲೆ ಬರುತ್ತದೆ. ಆಯಿಲ್ ಡಬ್ಬಿಯನ್ನು ಮ್ಯಾಕ್ಸ್ ಗೆರೆವರೆಗೆ ತುಂಬಿದರೆ ಎರಡು ವಾರದಲ್ಲಿ ಮಿನ್ ಗೆರೆಗೆ ಇಳಿದಿರುತ್ತದೆ. ರಾತ್ರಿಯಿಡೀ ಗಾಡಿ ಕೆಳಗೆ ರಟ್ಟು ಹಾಸಿ ನೋಡಿದೆ, ಒಂದು ಹನಿ ಇಲ್ಲ. ಎರಡು ಸಲ ಬ್ರೇಕ್ ಲೈನಿನ ಏರ್ ತೆಗೆಸಿದೆ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಅದೇ ಕಥೆ. ಒಬ್ಬರು ಡಿಸ್ಕ್ ಹಿಡಿಯುವ ಪ್ಯಾಡ್, ಡ್ರಮ್ ಒಳಗಿನ ಶೂ ಎಲ್ಲ ಬದಲಾಯಿಸಿ ಅಂತಾರೆ. ಇನ್ನೊಬ್ಬರು ಹಿಂದಿನ ಡ್ರಮ್ ಒಳಗೆ ಶೂ ತಳ್ಳುವ ವೀಲ್ ಸಿಲಿಂಡರ್ ಅಂತಾರೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ಈಚೆಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದೆ. ಬ್ರೇಕ್ ಹಿಡಿದು ನಿಂತಾಗಲೂ ಒಮ್ಮೊಮ್ಮೆ. ಕೂಲಂಟ್ ಕಡಿಮೆಯಾಗಿಲ್ಲ. ಏನು ಮಾಡಲಿ ಸಾರ್?

ಉತ್ತರ: ಮೊದಲು ಗಾಡಿ ಓಡಿಸುವುದನ್ನು ನಿಲ್ಲಿಸಿ, ಉಳಿದ ಮಾತು ಆಮೇಲೆ. ‘ಎರಡು ಸಲ ಒತ್ತಿದರೆ ಬರುತ್ತಲ್ಲ’ ಅನ್ನುವ ಧೈರ್ಯದ ಮೇಲೆ ತಿಂಗಳುಗಟ್ಟಲೆ ಓಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಯಾರಾದರೂ ಅಡ್ಡ ಬಂದಾಗ ಎರಡನೇ ಸಲ ಒತ್ತಲು ಪುರುಸೊತ್ತು ಇರುವುದಿಲ್ಲ. ವರ್ಕ್‌ಶಾಪಿಗೂ ಓಡಿಸಿಕೊಂಡು ಹೋಗಬೇಡಿ. ಟೋ ಮಾಡಿಸಿ, ಇಲ್ಲವೇ ಮೆಕ್ಯಾನಿಕ್‌ನನ್ನೇ ಕರೆಸಿ.

ನಿಮ್ಮ ಪತ್ರ ನನಗೆ ಇಷ್ಟವಾಯಿತು. ‘ಬ್ರೇಕ್ ಸರಿ ಇಲ್ಲ, ಯಾವ ಪಾರ್ಟ್ ಹಾಕಬೇಕು?’ ಅಂತ ಒಂದೇ ಸಾಲು ಬರೆಯುವವರೇ ಜಾಸ್ತಿ. ನೀವು ಪೆಡಲ್ ಕಾಲ ಕೆಳಗೆ ಏನು ಮಾಡುತ್ತದೆ ಅಂತ ಬರೆದಿದ್ದೀರಿ. ದೋಷ ಹುಡುಕುವುದು ಅಲ್ಲಿಂದಲೇ ಶುರು.

ಒತ್ತಿದಾಗ ಪೆಡಲ್ ಪುಟಿಯುವ ಹಾಗಿದ್ದು, ಪಂಪ್ ಮಾಡಿದಷ್ಟೂ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತಾ ಬಂದರೆ ಲೈನಿನಲ್ಲಿ ಗಾಳಿ ಸೇರಿದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಅಷ್ಟೇ ವಿಷಯ. ಚಕ್ರದ ಹತ್ತಿರದ ರಬ್ಬರ್ ಹೋಸ್ ಹಳೆಯದಾಗಿ ಒತ್ತಿದಾಗಲೆಲ್ಲ ಉಬ್ಬುತ್ತಿದ್ದರೂ ಕಾಲಿಗೆ ಹೀಗೇ ಅನ್ನಿಸುತ್ತದೆ. ಮೊದಲ ಸಲ ಆಳಕ್ಕೆ ಹೋಗಿ, ತಕ್ಷಣ ಮತ್ತೊಮ್ಮೆ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಶೂ ಸವೆದು ಅಡ್ಜಸ್ಟ್‌ಮೆಂಟ್ ತಪ್ಪಿರಬಹುದು. ಕಾಲು ಅಲುಗಿಸದೆ ಒಂದೇ ಸಮ ಒತ್ತಿ ಹಿಡಿದಾಗಲೂ ಪೆಡಲ್ ತಾನಾಗಿ ಜಾರುತ್ತಿದ್ದರೆ, ಒತ್ತಡ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ನಿಮ್ಮದು ಈ ಕೊನೆಯ ಬಗೆ.

ಖಾತ್ರಿ ಮಾಡಿಕೊಳ್ಳಬೇಕಾ? ಇಂಜಿನ್ ಆಫ್ ಇರಲಿ. ಪೆಡಲ್ಲನ್ನು ಐದಾರು ಸಲ ಒತ್ತಿ ಬಿಡಿ. ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್, ಅಂದರೆ ಇಂಜಿನ್ನಿನ ಎಳೆತ, ಖಾಲಿಯಾಗಿ ಪೆಡಲ್ ಬಿಗಿಯಾಗುತ್ತದೆ. ಈಗ ಒತ್ತಿ ಹಿಡಿದು ಒಂದು ನಿಮಿಷ ಹಾಗೇ ಇರಿ. ಒಮ್ಮೆ ಜೋರಾಗಿ, ಇನ್ನೊಮ್ಮೆ ಹಗುರವಾಗಿ. ಹಗುರವಾಗಿ ಒತ್ತಿ ನೋಡುವುದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ಸವೆದ ರಬ್ಬರ್ ಸೀಲ್ ಜೋರು ಒತ್ತಡ ಬಿದ್ದಾಗ ಅರಳಿ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಆಗ ಎಲ್ಲ ಸರಿಯಿದೆ ಅನ್ನಿಸುತ್ತದೆ. ಹಗುರ ಒತ್ತಡಕ್ಕೆ ಅದು ಅರಳುವುದಿಲ್ಲ, ಆಯಿಲ್ ಪಕ್ಕದಿಂದ ನುಸುಳುತ್ತದೆ. ಸಿಗ್ನಲ್‌ನಲ್ಲಿ ಸುಮ್ನೆ ಕಾಲಿಟ್ಟು ನಿಂತಾಗ ಜಾರುತ್ತದೆ ಅಂದಿರಲ್ಲ, ಅದು ಇದೇ ಇರಬೇಕು. ಇದೆಲ್ಲ ಮುಗಿದ ಮೇಲೆ ಪೆಡಲ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿದರೆ ಅದು ಒಂದಿಷ್ಟು ಕೆಳಗಿಳಿಯುತ್ತದೆ. ಗಾಬರಿ ಬೇಡ. ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಲಕ್ಷಣ.

ಈಗ ಆಯಿಲಿನ ವಿಚಾರ. ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಆರಿ ಹೋಗುವುದಿಲ್ಲ. ಎರಡು ವಾರದಲ್ಲಿ ಮ್ಯಾಕ್ಸ್‌ನಿಂದ ಮಿನ್‌ಗೆ ಬಂತು ಅಂದರೆ ಎಲ್ಲಿಗೋ ಹೋಗಿದೆ. ಎಲ್ಲಿಗೆ ಅಂತ ಗೊತ್ತಾಗುವ ಮೊದಲೇ ಏರ್ ತೆಗೆಸುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಆಯಿಲ್ ಹೊರಗೆ ಹೋಗುವ ಜಾಗದಿಂದಲೇ ಪೆಡಲ್ ವಾಪಸ್ ಬರುವಾಗ ಗಾಳಿ ಒಳಗೆ ಬರಬಹುದು. ಎರಡು ದಿನ ಸರಿಯಿದ್ದು ಮತ್ತೆ ಕೆಟ್ಟಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನೀವು ಸಂಬಂಧವಿಲ್ಲವೇನೋ ಅಂತ ಕೊನೆಯಲ್ಲಿ ಸೇರಿಸಿದ ಬಿಳಿ ಹೊಗೆಯ ಮಾತೇ ನನ್ನ ಕಣ್ಣಿಗೆ ಬಿದ್ದದ್ದು. ಮಾಸ್ಟರ್ ಸಿಲಿಂಡರಿನ ಹಿಂಬದಿ ಬೂಸ್ಟರಿಗೆ ಕೂತಿರುತ್ತದೆ. ಬೂಸ್ಟರ್ ಅಂದರೆ ಬಾನೆಟ್ ಎತ್ತಿದರೆ ಡ್ರೈವರ್ ಕಡೆ ಕಾಣುವ ಆ ದೊಡ್ಡ ದುಂಡನೆಯ ತಗಡಿನ ಭಾಗ. ಪೆಟ್ರೋಲ್ ಗಾಡಿಯಲ್ಲಿ ಸಾಮಾನ್ಯವಾಗಿ ಅದರಿಂದ ಒಂದು ದಪ್ಪ ಹೋಸ್ ನೇರವಾಗಿ ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರಿನ ಒಳಗೆ ಪಿಸ್ಟನ್ ಮೇಲೆ ಬೇರೆ ಬೇರೆ ಸೀಲ್‌ಗಳಿವೆ. ಒತ್ತಡ ಹಿಡಿಯುವ ಸೀಲ್ ಸೋತರೆ ಆಯಿಲ್ ಸಿಲಿಂಡರ್ ಒಳಗೇ ಹಿಂದಕ್ಕೆ ನುಸುಳಿ ಡಬ್ಬಿಗೆ ಮರಳುತ್ತದೆ. ಪೆಡಲ್ ಜಾರುತ್ತದೆ, ಮಟ್ಟ ಮಾತ್ರ ಇಳಿಯುವುದಿಲ್ಲ. ಹಿಂದಿನ ತುದಿಯ ಸೀಲ್ ಸೋತರೆ ಆಯಿಲ್ ಬೂಸ್ಟರ್ ಒಳಗೆ ಜಿನುಗುತ್ತದೆ. ಅಲ್ಲಿಂದ ಇಂಜಿನ್ ಅದನ್ನು ಎಳೆದುಕೊಂಡು ಸುಡುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ. ನೆಲಕ್ಕೆ ಬೀಳುವುದೇ ಇಲ್ಲ ಅಂದಮೇಲೆ ನಿಮ್ಮ ರಟ್ಟಿನ ಮೇಲೆ ಏನು ಕಾಣಬೇಕು? ಹನ್ನೊಂದು ವರ್ಷದ ಸಿಲಿಂಡರಿನಲ್ಲಿ ಎರಡೂ ಸೀಲ್ ಒಟ್ಟಿಗೆ ಸೋಲುವುದು ವಿಶೇಷವೇನಲ್ಲ. ನಿಮ್ಮ ಲಕ್ಷಣಗಳು ಎರಡಕ್ಕೂ ಹೊಂದುತ್ತವೆ. ಬಿಳಿ ಹೊಗೆ ಕೂಲಂಟ್ ಸುಟ್ಟರೂ ಬರುತ್ತದೆ, ಆದರೆ ಕೂಲಂಟ್ ಇಳಿದಿಲ್ಲ ಅಂತ ನೀವೇ ಬರೆದಿದ್ದೀರಿ.

ಅನುಮಾನ ಎಷ್ಟೇ ಗಟ್ಟಿಯಿದ್ದರೂ ಪಾರ್ಟ್ ತರುವ ಮೊದಲು ಕಣ್ಣಿಂದ ನೋಡಲೇಬೇಕು. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಜಾಗದ ಕೆಳಗೆ ಟಾರ್ಚ್ ಬಿಡಿ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಅಲ್ಲಿ ಪೇಂಟ್ ಗುಳ್ಳೆ ಎದ್ದಿದೆಯೇ, ಸುಲಿದು ತುಕ್ಕಿನ ಗೆರೆಯೊಂದು ಕೆಳಗಿಳಿದಿದೆಯೇ ನೋಡಿ. ಕೆಲವು ಸಲ ಇಷ್ಟಕ್ಕೇ ಉತ್ತರ ಸಿಗುತ್ತದೆ. ಸಿಗದಿದ್ದರೆ, ಪೆಡಲ್ ಪಂಪ್ ಮಾಡಿ ವ್ಯಾಕ್ಯೂಮ್ ಖಾಲಿ ಮಾಡಿ. ಹೆಚ್ಚಿನ ಗಾಡಿಗಳಲ್ಲಿ ಸಿಲಿಂಡರನ್ನು ಹಿಡಿದಿರುವುದು ಎರಡೇ ನಟ್. ಅವನ್ನು ಬಿಚ್ಚಿ, ಪೈಪುಗಳನ್ನು ಕಳಚದೆ, ಸಿಲಿಂಡರನ್ನು ಬೆರಳು ಹೋಗುವಷ್ಟು ಮುಂದಕ್ಕೆ ಎಳೆಯಿರಿ. ಲೋಹದ ಪೈಪು ಅಷ್ಟಕ್ಕೆ ಬಗ್ಗುತ್ತದೆ, ಮಡಚದಂತೆ ನೋಡಿಕೊಂಡರೆ ಸಾಕು. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಸಿಲಿಂಡರಿನ ಹಿಂಬದಿ ಬಾಯಿಯ ಸುತ್ತ ಒರೆಸಿ. ಒಣ ಧೂಳು ಬಂದರೆ ಸಿಲಿಂಡರಿನ ಹಿಂಬದಿ ನಿರ್ದೋಷಿ. ಜಿಡ್ಡು ಒದ್ದೆ ಬಂದರೆ ಕೇಸು ಮುಗಿಯಿತು.

ಒಣಗಿದ್ದರೆ ಮಾತ್ರ ಹಿಂದಿನ ಚಕ್ರಕ್ಕೆ ಹೋಗಿ. ವೀಲ್ ಸಿಲಿಂಡರ್ ಅಂದವರು ತೀರಾ ತಪ್ಪು ಹೇಳಿಲ್ಲ. ಡ್ರಮ್ ಒಳಗೆ ಸೋರಿದರೂ ಸ್ವಲ್ಪ ಕಾಲ ನೆಲಕ್ಕೆ ಬೀಳುವುದಿಲ್ಲ, ಶೂವಿನ ಲೈನರ್ ಹೀರಿಕೊಳ್ಳುತ್ತದೆ. ಡ್ರಮ್ ತೆಗೆದು ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೋಪಿಯ ಅಂಚನ್ನು ಮೊಂಡು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎತ್ತಿ. ಸಣ್ಣ ತೇವ ಇದ್ದರೆ ಪರವಾಗಿಲ್ಲ. ಆಯಿಲ್ ಹರಿದು ಬಂದರೆ ಸಿಲಿಂಡರ್ ಹೋಗಿದೆ. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ ಮತ್ತೆ ಹಾಕುವವರಿದ್ದಾರೆ. ಬೇಡ, ಎರಡೂ ಕಡೆ ಹೊಸದು ಹಾಕಿ. ಡ್ರಮ್ಮಿನ ಧೂಳನ್ನು ಏರ್ ಗನ್ನಿನಿಂದ ಊದಬೇಡಿ. ಹಳೆಯ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಯಾಡ್ ಬದಲಾಯಿಸಿ ಅಂದವರ ಮಾತು ಸದ್ಯಕ್ಕೆ ಬಿಡಿ. ಪ್ಯಾಡ್ ಸವೆದರೆ ಪೆಡಲ್ ಜಾರುವುದಿಲ್ಲ, ಎರಡು ವಾರದಲ್ಲಿ ಅಷ್ಟು ಆಯಿಲ್ ಇಳಿಯುವುದೂ ಇಲ್ಲ.

ಮಾಸ್ಟರ್ ಸಿಲಿಂಡರೇ ಅಂತ ಖಾತ್ರಿಯಾದರೆ ಸೀಲ್ ಕಿಟ್ ಹಾಕಿ ಸುಧಾರಿಸುವುದಕ್ಕಿಂತ ಪೂರ್ತಿ ಸಿಲಿಂಡರ್ ಬದಲಾಯಿಸುವುದೇ ನನ್ನ ಸಲಹೆ. ಒಳಗೋಡೆಯಲ್ಲಿ ತುಕ್ಕಿನ ಸಣ್ಣ ಗುಳಿ ಇದ್ದರೂ ಹೊಸ ಸೀಲನ್ನು ಅದು ಹರಿಯುತ್ತದೆ. ಕೂರಿಸುವ ಮೊದಲು ಹೊಸ ಸಿಲಿಂಡರನ್ನು ವೈಸಿಗೆ ಹಿಡಿಸಿ, ಔಟ್‌ಲೆಟ್‌ಗಳಿಂದ ಸಣ್ಣ ಟ್ಯೂಬನ್ನು ಅದರದೇ ಡಬ್ಬಿಯ ಆಯಿಲಿನೊಳಗೆ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ನನ್ನು ನಿಧಾನವಾಗಿ ಒತ್ತಿ ಬಿಡಬೇಕು. ಇದನ್ನು ಬಿಟ್ಟರೆ ಆಮೇಲೆ ಚಕ್ರದ ಹತ್ತಿರ ಎಷ್ಟು ಏರ್ ತೆಗೆದರೂ ಸಿಲಿಂಡರಿನೊಳಗಿನ ಗಾಳಿ ಸುಲಭಕ್ಕೆ ಬರುವುದಿಲ್ಲ. ಬೂಸ್ಟರ್ ಒಳಗೆ ನಿಂತ ಆಯಿಲನ್ನು ಸಿರಿಂಜಿಗೆ ಟ್ಯೂಬ್ ಸಿಕ್ಕಿಸಿ ಹೀರಿ ತೆಗೆಸಿ. ಬಹಳ ದಿನ ನೆನೆದಿದ್ದರೆ ಬೂಸ್ಟರಿನ ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ಕೂಡ ಹಾಳಾಗಿರಬಹುದು, ಸ್ಟಾರ್ಟ್ ಮಾಡಿದಾಗ ಪೆಡಲ್ ಇಳಿಯುವ ಆ ಪರೀಕ್ಷೆಯನ್ನು ಮತ್ತೆ ಮಾಡಿ.

ಏರ್ ತೆಗೆಯುವಾಗ ಪೆಡಲ್ಲನ್ನು ನೆಲ ಮುಟ್ಟುವವರೆಗೆ ಒತ್ತುವ ಅಭ್ಯಾಸ ನಮ್ಮ ಹುಡುಗರಿಗಿದೆ. ಹೊಸ ಸಿಲಿಂಡರಿಗೆ ತೊಂದರೆಯಿಲ್ಲ. ಹಳೆಯದರಲ್ಲಿ ಸೀಲ್ ಯಾವತ್ತೂ ಹೋಗದ ಭಾಗಕ್ಕೆ ಹೋಗುತ್ತದೆ, ಅಲ್ಲಿ ಕೂತ ಕಸರು, ತುಕ್ಕು ಅದರ ಅಂಚನ್ನು ಕೊಯ್ಯುತ್ತದೆ. ಎರಡು ಸಲ ಏರ್ ತೆಗೆಸಿದ್ದು ನಿಮ್ಮ ಸೀಲಿಗೆ ಇನ್ನಷ್ಟು ಏಟು ಕೊಟ್ಟಿದ್ದರೂ ಆಶ್ಚರ್ಯವಿಲ್ಲ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಈ ತಾಪತ್ರಯ ಇರುವುದಿಲ್ಲ.

ಪ್ರಶ್ನೆ: ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೊಸದು ಹಾಕಿಸಿದೆ. ಆಮೇಲೆ ಒಂದು ಲೀಟರ್ ಆಯಿಲ್ ಖರ್ಚು ಮಾಡಿ ಏರ್ ತೆಗೆದರೂ ಪೆಡಲ್ ಗಟ್ಟಿಯಾಗುತ್ತಿಲ್ಲ. ಎಲ್ಲೂ ಸೋರಿಕೆ ಇಲ್ಲ.

ಉತ್ತರ: ಚಕ್ರ ತೆಗೆದು ಬ್ಲೀಡಿಂಗ್ ನಿಪ್ಪಲ್, ಅಂದರೆ ಏರ್ ತೆಗೆಯಲು ಸಡಿಲಿಸುವ ತಿರುಪು, ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಬೇಕು. ಕೆಳಗಿದ್ದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದಾರೆ ಅಂತ ಅರ್ಥ. ಎಷ್ಟೋ ಗಾಡಿಗಳಲ್ಲಿ ಅದಲು ಬದಲಾದರೂ ಬೋಲ್ಟ್ ಸರಿಯಾಗಿ ಕೂರುತ್ತದೆ, ಅದೇ ತೊಂದರೆ. ಗಾಳಿ ಯಾವಾಗಲೂ ಮೇಲಕ್ಕೆ ಹೋಗಿ ಕೂರುತ್ತದೆ. ನಿಪ್ಪಲ್ ಕೆಳಗಿದ್ದರೆ ಒಂದಲ್ಲ, ಹತ್ತು ಲೀಟರ್ ಸುರಿದರೂ ಬರುವುದು ಬರೀ ಆಯಿಲ್.

ನಿಪ್ಪಲ್ ಮೇಲೆಯೇ ಇದ್ದರೆ, ಕೆಲಸದ ನಡುವೆ ಡಬ್ಬಿ ಪೂರ್ತಿ ಖಾಲಿಯಾಗಿತ್ತಾ ಅಂತ ಕೇಳಿ. ಖಾಲಿಯಾಗಿದ್ದರೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗೆ ಗಾಳಿ ಹೋಗಿರಬಹುದು. ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪು, ವಾಲ್ವುಗಳನ್ನು ಓಡಿಸಿದರೆ ಮಾತ್ರ ಆ ಗಾಳಿ ಹೊರಗೆ ಬರುತ್ತದೆ. ಯಾವ ಚಕ್ರದಿಂದ ಶುರು ಮಾಡಬೇಕು ಅನ್ನುವುದೂ ಗಾಡಿಯಿಂದ ಗಾಡಿಗೆ ಬೇರೆ. ‘ದೂರದ ಚಕ್ರ ಮೊದಲು’ ಅನ್ನುವುದು ಎಲ್ಲಕ್ಕೂ ನಡೆಯುವುದಿಲ್ಲ, ಮ್ಯಾನ್ಯುಯಲ್ ನೋಡಿ.

ಪ್ರಶ್ನೆ: ಅಣ್ಣ, ನನ್ನ ಕಾರಿನ ಬ್ರೇಕ್ ಚೆನ್ನಾಗಿಯೇ ಇದೆ. ಆದರೂ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದೆ. ಈಚೆಗೆ ಗೇರ್ ಹಾಕುವಾಗ ಕರಕರ ಅನ್ನುತ್ತದೆ. ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಒಂದು ಮೂಲೆಯಲ್ಲಿ ಜಿಡ್ಡಾಗಿದೆ.

ಉತ್ತರ: ನಿಮ್ಮದು ಬ್ರೇಕಿನ ಕಾಯಿಲೆ ಅಲ್ಲಮ್ಮ, ಕ್ಲಚ್ಚಿನದ್ದು. ಎಷ್ಟೋ ಗಾಡಿಗಳಲ್ಲಿ ಕ್ಲಚ್ ಕೂಡ ಆಯಿಲ್ ಒತ್ತಡದಲ್ಲೇ ನಡೆಯುತ್ತದೆ, ಅದಕ್ಕೂ ಬ್ರೇಕ್ ಡಬ್ಬಿಯಿಂದಲೇ ಆಯಿಲ್ ಹೋಗುತ್ತದೆ. ಡಬ್ಬಿಯ ಪಕ್ಕದಲ್ಲಿ ಕೆಳಗಲ್ಲದೆ ಸ್ವಲ್ಪ ಮೇಲೆ ಒಂದು ಸಣ್ಣ ಹೋಸ್ ಹೊರಟಿದೆಯಾ ನೋಡಿ. ಅದು ಕ್ಲಚ್ಚಿನದ್ದು. ಬೇಕಂತಲೇ ಮೇಲೆ ಇಟ್ಟಿರುತ್ತಾರೆ. ಕ್ಲಚ್ ಕಡೆ ಎಲ್ಲ ಸೋರಿ ಹೋದರೂ ಮಟ್ಟ ಆ ತೂತಿನವರೆಗೆ ಇಳಿದು ನಿಲ್ಲುತ್ತದೆ, ಬ್ರೇಕಿನ ಪಾಲು ಉಳಿಯುತ್ತದೆ. ಅದಕ್ಕೇ ನಿಮ್ಮ ಬ್ರೇಕ್ ಇನ್ನೂ ಸರಿಯಾಗಿದೆ.

ಕ್ಲಚ್ ಪೆಡಲಿನ ಮೇಲ್ಭಾಗಕ್ಕೆ ಕೈ ಹಾಕಿ, ಒತ್ತುವ ರಾಡು ಇಂಜಿನ್ ಕಡೆಯ ತಗಡಿನ ಗೋಡೆಯೊಳಗೆ ಹೋಗುವ ಜಾಗ ಮುಟ್ಟಿ ನೋಡಿ. ಒದ್ದೆಯಿದ್ದರೆ ಕ್ಲಚ್ ಮಾಸ್ಟರ್ ಸಿಲಿಂಡರ್. ಕೈ ತೊಳೆದುಕೊಳ್ಳಿ, ಚರ್ಮಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಉದ್ದದ ಇಳಿಜಾರು ಇಳಿದು ಬರುವಾಗ ಕೊನೆಯ ತಿರುವುಗಳಲ್ಲಿ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಎಂದಿನಂತೆ! ವರ್ಕ್‌ಶಾಪಿನಲ್ಲಿ ಏನೂ ದೋಷವಿಲ್ಲ ಅಂದರು. ಆಯಿಲ್ ಮಟ್ಟವೂ ಸರಿಯಿದೆ.

ಉತ್ತರ: ಆಯಿಲ್ ಕುದಿದಿದೆ. ಬ್ರೇಕ್ ಆಯಿಲ್ ನೀರಿನ ಪಸೆಯನ್ನು ಹೀರಿಕೊಳ್ಳುವ ಜಾತಿಯದ್ದು. ಹೋಸಿನ ರಬ್ಬರಿನ ಮೂಲಕವೂ ಪಸೆ ಒಳಗೆ ಹೋಗುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಅದರಲ್ಲಿ ಸುಮಾರು 3.7 ಶೇಕಡಾ ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದೇ ಲೆಕ್ಕ 205 ಮತ್ತು 140. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬಂದರೆ ಕ್ಯಾಲಿಪರ್ ಕಾದು, ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚು. ತಣ್ಣಗಾದ ಮೇಲೆ ಗುಳ್ಳೆ ಮಾಯ. ವರ್ಕ್‌ಶಾಪಿನವರಿಗೆ ಏನು ಸಿಗಬೇಕು ಪಾಪ.

ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಅದು ಪ್ಯಾಡ್ ಕಾದು ಹಿಡಿತ ಬಿಟ್ಟದ್ದು, ಬೇರೆ ವಿಷಯ. ನಿಮ್ಮದು ನೆಲಕ್ಕೆ ಹೋಗಿದೆ, ಹಾಗಾಗಿ ಆಯಿಲೇ. ಪೂರ್ತಿ ಹೊಸದು ಹಾಕಿಸಿ. ಬರೀ ಡಬ್ಬಿಯಲ್ಲಿರುವುದನ್ನು ಹೀರಿ ಬದಲಾಯಿಸಿದರೆ ಆಗುವುದಿಲ್ಲ, ಕುದಿದದ್ದು ಚಕ್ರದ ಹತ್ತಿರ. ನಾಲ್ಕೂ ನಿಪ್ಪಲಿನಿಂದ ಹೊಸ ಬಣ್ಣ ಬರುವವರೆಗೆ ಹರಿಸಬೇಕು. ಮುಂದೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ವರ್ಷದ ಹಿಂದೆ ಬಾಯಿ ತೆರೆದಿಟ್ಟ ಬಾಟಲಿಯ ಆಯಿಲ್ ಹಾಕಲು ಬಿಡಬೇಡಿ. ಇಳಿಯುವಾಗ ಚಿಕ್ಕ ಗೇರಿನಲ್ಲಿ ಇಳಿಯಿರಿ, ಬ್ರೇಕಿಗೆ ಉಸಿರಾಡಲು ಬಿಡಿ.

ಪ್ರಶ್ನೆ: ಒಂದೂವರೆ ವರ್ಷದಲ್ಲಿ ಬ್ರೇಕ್ ಆಯಿಲ್ ಮ್ಯಾಕ್ಸ್‌ನಿಂದ ಅರ್ಧಕ್ಕೆ ಬಂದಿದೆ. ಪೆಡಲ್ ಗಟ್ಟಿಯಾಗಿದೆ. ತುಂಬಿಸಲಾ?

ಉತ್ತರ: ಬೇಡ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಹೋಗಿ ಕೂತಿದೆ. ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ. ಈಗ ತುಂಬಿದರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಡಬ್ಬಿ ಉಕ್ಕಿ ಪೇಂಟ್ ಮೇಲೆ ಚೆಲ್ಲುತ್ತದೆ.

ಪ್ರಶ್ನೆ: ಮಗ ಸಹಾಯ ಮಾಡಲು ಹೋಗಿ ಬ್ರೇಕ್ ಡಬ್ಬಿಗೆ ಪವರ್ ಸ್ಟೀರಿಂಗ್ ಆಯಿಲ್ ಸುರಿದಿದ್ದಾನೆ. ಸ್ವಲ್ಪವೇ. ಗಾಡಿ ಇನ್ನೂ ತೆಗೆದಿಲ್ಲ. ಪರವಾಗಿಲ್ವಾ?

ಉತ್ತರ: ಪರವಾಗಿದೆ! ಪೆಡಲ್ಲನ್ನು ಯಾರೂ ಮುಟ್ಟಬೇಡಿ, ಗಾಡಿಯಲ್ಲಿ ಕೂತು ಅಭ್ಯಾಸಬಲದಿಂದಲೂ ಒತ್ತಬೇಡಿ. ಪವರ್ ಸ್ಟೀರಿಂಗ್ ಆಯಿಲ್, ಇಂಜಿನ್ ಆಯಿಲ್ ಎಲ್ಲ ಪೆಟ್ರೋಲಿಯಂ ಜಾತಿ. ಬ್ರೇಕಿನ ರಬ್ಬರ್ ಅದನ್ನು ತಡೆಯುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಇವತ್ತು ಬ್ರೇಕ್ ಸರಿಯಿದ್ದು ನಾಲ್ಕು ದಿನ ಬಿಟ್ಟು ಕೈಕೊಡಬಹುದು, ಅಥವಾ ಹಿಡಿದ ಬ್ರೇಕ್ ಬಿಡದೇ ಇರಬಹುದು.

ಪೆಡಲ್ ಒತ್ತಿಲ್ಲವಾದರೆ ನಿಮ್ಮ ಅದೃಷ್ಟ. ಎಣ್ಣೆ ಹಗುರ, ಡಬ್ಬಿಯಲ್ಲಿ ಮೇಲೆಯೇ ತೇಲುತ್ತಿರುತ್ತದೆ. ಗಾಡಿ ಅಲುಗಿಸದೆ ಮೆಕ್ಯಾನಿಕ್ ಕರೆಸಿ, ಹೀರಿ ತೆಗೆಸಿ, ಡಬ್ಬಿ ಬಿಚ್ಚಿಸಿ ತೊಳೆಸಿ, ಹೊಸ ಆಯಿಲ್ ಹರಿಸಿ. ತೆಗೆದದ್ದರಲ್ಲಿ ಒಂದು ಚಮಚ ನೀರಿಗೆ ಹಾಕಿ ನೋಡಿದರೆ ತಿಳಿಯುತ್ತದೆ: ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಎಣ್ಣೆ ತೇಲುತ್ತದೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರನ್ನೂ ನೋಡಿ. ಅದು ಈಗಾಗಲೇ ಊದಿ ಸುಕ್ಕಾಗಿದ್ದರೆ, ಅಥವಾ ಯಾರಾದರೂ ಪೆಡಲ್ ಒತ್ತಿದ್ದು ನೆನಪಿದ್ದರೆ, ಹೀರಿ ತೆಗೆದರೆ ಸಾಲದು. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲ್, ವೀಲ್ ಸಿಲಿಂಡರ್, ಹೋಸ್ ಎಲ್ಲ ಬದಲಾಗಬೇಕು, ಎಬಿಎಸ್ ಇದ್ದರೆ ಅದರ ಘಟಕವನ್ನೂ ಬಿಡುವ ಹಾಗಿಲ್ಲ. ಲೋಹದ ಪೈಪುಗಳನ್ನು ತೊಳೆದು ಉಳಿಸಿಕೊಳ್ಳಬಹುದು. ಮಗನಿಗೆ ಬೈಯಬೇಡಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ಆಯಿಲ್ ಅಂತ ಬರೆದಿರುತ್ತದೆ, ಅದನ್ನು ಓದಿಸಿ ತೋರಿಸಿ.